ಐದು ಬಾಗಿಲಿನ ಕ್ಯಾಸೆಟ್ಟು

ಕೆಂಪಾಪುರದ ಹಳೇ ಊರಿನೊಳಗೆ ಬಂದು ಪೇಂಟರ್ ಅಜ್ಜು ಮನೆ ಯಾವುದು ಎಂದು ಯಾರನ್ನಾದರೂ ಕೇಳಿ. ದಾರಿ ಹೇಳುವುದಿಲ್ಲ. ಕತ್ತೆತ್ತಿ ನಮ್ಮ ಬಿಲ್ಡಿಂಗಿನ ಮೊದಲನೇ ಮಹಡಿಯನ್ನು ನೋಡಿ ಲೊಚಗುಟ್ಟುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ, ಯಾಕೆಂದರೆ ಆ ಬಿಲ್ಡಿಂಗ್ ನನ್ನದು. ನಾನು ಮಹೇಂದ್ರ, ಚಿಕ್ಕಹನುಮಯ್ಯನವರ ಮಗ. ಕೆಳಗೆ ನನ್ನ ಸಿಮೆಂಟ್ ಅಂಗಡಿ, ಮೇಲೆ ಅಜ್ಜು ಮತ್ತು ಅವನ ತಾಯಿ ಜೈನಾಬಮ್ಮ. ಇಪ್ಪತ್ತು ವರ್ಷದಿಂದ ಅವರು ಅಲ್ಲಿದ್ದಾರೆ, ಅಜ್ಜುವಿನ ತಂದೆ ತೀರಿಕೊಂಡದ್ದೂ ಅಲ್ಲೇ. ಅಜ್ಜು ಮಾತ್ರ ಹದಿನಾಲ್ಕು ತಿಂಗಳಿಂದ ಕೆಳಗೆ ಇಳಿದಿರಲಿಲ್ಲ.

ಅಜ್ಜು ಎಂದರೆ ಅಜ್ಮತ್, ಮೂವತ್ತೆಂಟು ವರ್ಷ. ಹಗ್ಗಕ್ಕೆ ಜೋತುಬಿದ್ದು ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳ ಹೊರಗೋಡೆಗೆ ಬಣ್ಣ ಹೊಡೆಯುವವನು. ಹೆಬ್ಬಾಳದಿಂದ ಹುಣಸಮಾರನಹಳ್ಳಿಯವರೆಗೆ ಏರ್‌ಪೋರ್ಟ್ ರಸ್ತೆಯಲ್ಲಿ ಹೋದರೆ ಎಡಕ್ಕೊಂದು ಬಲಕ್ಕೊಂದು ಅವನ ಕೈಯ ಗೋಡೆ ಸಿಗುತ್ತದೆ. ಇಪ್ಪತ್ತೆರಡನೇ ಮಹಡಿಯ ಹೊರಗೆ ಹಲಗೆ ಮೇಲೆ ಕೂತು ಆರಾಮಾಗಿ ಬಿರಿಯಾನಿ ತಿಂದವನು. "ಮಹೇಂದ್ರಣ್ಣ, ಮೇಲಿಂದ ನೋಡಿದ್ರೆ ನಿಮ್ ಬಿಲ್ಡಿಂಗು ಬೆಂಕಿಪೊಟ್ಣ ಕಣಣ್ಣ" ಎಂದು ಛೇಡಿಸುತ್ತಿದ್ದ. ಅಂಥವನು ಬಿದ್ದದ್ದು ಒಂದು ಲೇಔಟಿನ ಗೇಟಿನ ಕಮಾನಿನಿಂದ. ಹನ್ನೊಂದೇ ಅಡಿ. ಅಷ್ಟು ಎತ್ತರಕ್ಕೆ ಹಗ್ಗ ಕಟ್ಟಿಕೊಂಡರೆ ಜೊತೆಯವರು ನಗುತ್ತಾರೆ ಎಂದು ಕಟ್ಟಿಕೊಂಡಿರಲಿಲ್ಲ. ಬೆನ್ನುಮೂಳೆಗೆ ಏಟಾಗಿ ಸೊಂಟದಿಂದ ಕೆಳಗೆ ಎಲ್ಲ ನಿಂತುಹೋಯಿತು.

ಆಸ್ಪತ್ರೆಯಿಂದ ಬಂದ ದಿನ ನಾನೂ ಸೇರಿ ನಾಲ್ಕು ಜನ ಅವನನ್ನು ಸ್ಟ್ರೆಚರಿನಲ್ಲಿ ಮೇಲಕ್ಕೆ ಹೊತ್ತೆವು. ನಮ್ಮಲ್ಲಿ ಹದಿನೇಳು ಮೆಟ್ಟಿಲು. ಒಂಬತ್ತು ಹತ್ತಿ ತಿರುಗಿದರೆ ಇನ್ನು ಎಂಟು. ಆ ತಿರುವು ಎಷ್ಟು ಇಕ್ಕಟ್ಟೆಂದರೆ ಗ್ಯಾಸ್ ಸಿಲಿಂಡರ್ ಹೊತ್ತವನು ಕೂಡ ಗೋಡೆಗೆ ಮೈ ಉಜ್ಜದೆ ತಿರುಗಲಾರ. ಸ್ಟ್ರೆಚರನ್ನು ಅಲ್ಲಿ ನೆಟ್ಟಗೆ ನಿಲ್ಲಿಸಿ ತಿರುಗಿಸಬೇಕಾಯಿತು. ಪಟ್ಟಿ ಬಿಗಿದಿದ್ದರೂ ಅಜ್ಜು ಜಾರಿದ, ಕಿರುಚಿದ. ಅವತ್ತು ಒಳಗೆ ಹೋದವನು ಮತ್ತೆ ಹೊಸ್ತಿಲು ದಾಟಲಿಲ್ಲ.

ಎರಡು ತಿಂಗಳಾದ ಮೇಲೆ ನನ್ನನ್ನು ಕರೆಸಿ ಒಂದು ವಿಚಿತ್ರ ಬೇಡಿಕೆ ಇಟ್ಟ. "ಅಣ್ಣಾ, ನಿಮ್ ಪಾರ್ಲರ್ ಸಾಮಾನು ಇನ್ನೂ ಇದ್ಯಾ? ಮಿಷಿನ್ ಯಾವ್ದಾದ್ರೂ ಪರವಾಗಿಲ್ಲ. ಕ್ಯಾಸೆಟ್ ಮಾತ್ರ ಆ ನಲವತ್ತೆರಡರದೇ ಬೇಕು."

ಸಿಮೆಂಟಿಗೆ ಮೊದಲು ನಾನು ಅದೇ ಅಂಗಡಿಯಲ್ಲಿ ವಿಡಿಯೋ ಗೇಮ್ ಪಾರ್ಲರ್ ಇಟ್ಟಿದ್ದೆ. ನಾಲ್ಕು ಟಿವಿ, ನಾಲ್ಕು ಮಿಷಿನ್ನು, ಒಂದು ಗೋಡೆ ಗಡಿಯಾರ. ಒಂದೇ ಕ್ಯಾಸೆಟ್ಟಿನಲ್ಲಿ ನಲವತ್ತೆರಡು ಗೇಮು ತುಂಬಿದ ನಕಲಿ ಮಾಲು. ಅದರಲ್ಲಿ ಎಲ್ಲರಿಗೂ ಹುಚ್ಚು ಹಿಡಿಸಿದ್ದು ಕೋಟೆ ಗೇಮು. ರಕ್ತ ಕುಡಿಯುವ ಒಬ್ಬ ದೊರೆ, ಬೆಟ್ಟದ ಮೇಲೆ ಅವನ ಪಾಳು ಕೋಟೆ, ಕೈಯಲ್ಲಿ ಸರಪಳಿ ಹಿಡಿದು ಅವನನ್ನು ಕೊಲ್ಲಲು ಹೊರಟ ಒಬ್ಬ ಬೇಟೆಗಾರ. ಕೋಟೆಗೆ ಏಳು ಬಾಗಿಲು, ಪ್ರತಿ ಬಾಗಿಲಿಗೂ ಒಂದೊಂದು ಪಿಶಾಚಿ. ಹುಡುಗರು ಬೇಟೆಗಾರನಿಗೆ ಸರಪಳಿ ಸೀನ ಎಂದು ಹೆಸರಿಟ್ಟಿದ್ದರು. ಶುರುವಿನ ಚಿತ್ರದಲ್ಲಿ ಕಾಣುವ ದೊರೆಯ ಮುಖ ಒಂದನೇ ತಾರೀಕು ಬಾಡಿಗೆ ಕೇಳಲು ಬರುವ ನಮ್ಮಪ್ಪನ ಮುಖದ ಹಾಗೇ ಇದೆ ಎಂದು ನನ್ನೆದುರಿಗೇ ಹೇಳಿ ನಗುತ್ತಿದ್ದರು. ಸೀನನಿಗೆ ಒಂದು ದೊಡ್ಡ ದೋಷ. ಬಾವಲಿ ರೆಕ್ಕೆ ತಗುಲಿದರೂ ಸಾಕು, ಹಿಂದಕ್ಕೆ ಎಗರಿ ಬೀಳುತ್ತಾನೆ. ಹಿಂದೆ ಹಳ್ಳವಿದ್ದರೆ ಕಥೆ ಮುಗಿಯಿತು. ಮೆಟ್ಟಿಲ ಮೇಲಂತೂ ಹಾರಲಾರ, ಓಡಲಾರ, ಒಂದೊಂದೇ ತುಳಿಯಬೇಕು. ಆಗ ಎಂಟನೇ ಕ್ಲಾಸಿನಲ್ಲಿದ್ದ ಅಜ್ಜು ನನ್ನ ಪಾರ್ಲರಿನ ಖಾಯಂ ಗಿರಾಕಿ. ನಾನು ಒಂದು ದಿನವೂ ಆಡಿದವನಲ್ಲ. ಗಡಿಯಾರ ನೋಡಿ ಎಬ್ಬಿಸುವುದಷ್ಟೇ ನನ್ನ ಕೆಲಸ.

ಹಳೇ ಸಾಮಾನೆಲ್ಲ ಮೆಟ್ಟಿಲ ತಿರುವಿನ ಪಕ್ಕದ ಪುಟ್ಟ ಸ್ಟೋರಿನಲ್ಲಿ ಬಿದ್ದಿತ್ತು. ಹುಡುಕಿ, ಒರೆಸಿ, ಅವನ ಟಿವಿಗೆ ಜೋಡಿಸಿಕೊಟ್ಟೆ. ಜೈನಾಬಮ್ಮ ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಓದಿ ಅದರ ಬಾಯಿಗೆ ಊದಿದರು. ಮಗನ ಹಣೆಗೂ ಹಾಗೇ ಊದುತ್ತಿದ್ದರು. ಅದು ಅವರ ದುವಾ. ನಮ್ಮ ಕಾಲದಲ್ಲಿ ಧೂಳು ಹೋಗಲೆಂದು ನಾವೂ ಊದುತ್ತಿದ್ದೆವು. ಯಾವುದು ಕೆಲಸ ಮಾಡಿತೋ, ಚಿತ್ರ ಬಂತು.

ಆಗಲೇ ನಂದಕುಮಾರ್ ಬಂದದ್ದು. ಅಜ್ಜು ಇದ್ದ ಹಗ್ಗದ ಗ್ಯಾಂಗಿನ ಮೇಸ್ತ್ರಿ, ಒಳ್ಳೆಯ ಮನುಷ್ಯ. ಯಲಹಂಕದ ಕಡೆ ಒಂದು ತರಬೇತಿ ಕೇಂದ್ರದಲ್ಲಿ ಸೀಟು ಹಿಡಿದಿದ್ದ. ಆರು ವಾರ ಅಲ್ಲೇ ಇರಬೇಕು. ಗಾಲಿಕುರ್ಚಿಯಲ್ಲಿ ಓಡಾಡುವುದು, ಮೂರು ಚಕ್ರದ ಸ್ಕೂಟರ್ ಓಡಿಸುವುದು ಕಲಿಸುತ್ತಾರೆ. "ಕಲ್ತು ಬಾ ಮಗಾ, ಸೈಟಲ್ಲಿ ಬಣ್ಣ ಬೆರೆಸೋ ಕೆಲಸ ನಿಂದು. ನಿನ್ ಕಣ್ಣು ಯಾರಿಗಿದೆ?" ಎಂದ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಇಳಿಸುತ್ತೇವೆ ಎಂದೂ ಹೇಳಿದ.

ಅಜ್ಜು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಈ ದೊರೇನ ಸಾಯ್ಸಿದ ದಿನ ಇಳೀತೀನಿ. ಅಲ್ಲೀವರ್ಗೂ ಇಲ್ಲ. ಅಮ್ಮಿ ಕಸಮ್."

ತಾಯಿಯ ಮೇಲೆ ಆಣೆ. ಅಲ್ಲಿಗೆ ಎಲ್ಲರ ಬಾಯಿ ಕಟ್ಟಿತು. ನಂದಕುಮಾರ್ ಮತ್ತೆರಡು ಸಲ ಸೀಟು ಮುಂದೂಡಿಸಿದ. ನಾನು ಬೈದೆ. ಬೈದರೆ ಜೈನಾಬಮ್ಮನೇ ಅಡ್ಡ ಬರುತ್ತಿದ್ದರು. "ಬೇಡ ಮಹೇಂದ್ರ, ಕಸಮ್ ಮುರಿದ್ರೆ ನನ್ ಮೇಲೆ ಬರುತ್ತೆ. ನಾನು ಹೋದ್ರೆ ಇವನನ್ನ ಯಾರು ನೋಡ್ತಾರೆ?" ಪಾಪ, ಆ ಮುದುಕಿ ಜಪಮಣಿ ಹಿಡಿದು ಟಿವಿ ಪಕ್ಕದಲ್ಲೇ ಕೂರುತ್ತಿದ್ದರು. ಗೇಮು ಅಂದರೆ ಏನೆಂದು ತಿಳಿಯದು, ಆದರೂ ಗಳಿಗೆಗೊಮ್ಮೆ ಕೇಳುವರು, "ಎಷ್ಟನೇ ಬಾಗ್ಲು ಬೇಟಾ?" ಅವನು ಎರಡು ಎನ್ನುವನು, ನಾಲ್ಕು ಎನ್ನುವನು. ಮಾರನೇ ದಿನ ಮತ್ತೆ ಒಂದು. ಕಿಟಕಿ ಆಚೆ ಪಕ್ಕದ ಬಿಲ್ಡಿಂಗಿನ ಗೋಡೆ, ಮೂರಡಿ ದೂರ. ಆ ರೂಮಿನಲ್ಲಿ ಹತ್ತು ನಿಮಿಷ ಕೂತರೆ ನನಗೇ ಉಸಿರು ಕಟ್ಟುತ್ತಿತ್ತು. ಅವನು ಅಲ್ಲಿ ಒಂದು ವರ್ಷಕ್ಕೂ ಮೇಲೆ ಇದ್ದ.

ಹೋದ ತಿಂಗಳು ನಂದಕುಮಾರ್ ಕಡೆಯದಾಗಿ ಹೇಳಿಬಿಟ್ಟ. ಸೋಮವಾರ ಹತ್ತು ಗಂಟೆಗೆ ಅಜ್ಜು ಅಲ್ಲಿರಬೇಕು. ಇಲ್ಲದಿದ್ದರೆ ಸೀಟು ಬೇರೆಯವರಿಗೆ, ಇನ್ನು ಕೇಳಲೇಬೇಡಿ ಎಂದು ಕೇಂದ್ರದವರು ಹೇಳಿದ್ದಾರೆ.

ಭಾನುವಾರ ಊಟವಾದ ಮೇಲೆ ನಾನು ಅಂಗಡಿ ಬಾಗಿಲು ಎಳೆದು ಮೇಲೆ ಹೋದೆ. ಇವತ್ತು ಇವನು ದೊರೆಯನ್ನು ಕೊಲ್ಲುವವರೆಗೆ ಏಳುವುದಿಲ್ಲ ಎಂದು ಪಕ್ಕದಲ್ಲಿ ಕೂತೆ. ನಿಜ ಹೇಳಬೇಕು, ಅವನ ಆಟ ನೋಡಿ ದಂಗಾದೆ. ಬಾವಲಿ ಬರುವ ಮೊದಲೇ ಸರಪಳಿ ಬೀಸುತ್ತಿದ್ದ. ಒಂದು ಸಲವೂ ಬೀಳದೆ ಐದನೇ ಬಾಗಿಲು ತಲುಪಿದ, ಅಲ್ಲಿದ್ದ ಎರಡು ತಲೆಯ ಪಿಶಾಚಿಯನ್ನು ಕಡ್ಡಿ ಮುರಿದ ಹಾಗೆ ಮುಗಿಸಿದ. ನಾನು ಚಪ್ಪಾಳೆ ತಟ್ಟಿದೆ. ಪರದೆ ಕಪ್ಪಾಯಿತು. ಮತ್ತೆ ಬೆಳಕಾದಾಗ ಸೀನ ಕೋಟೆಯ ಮೊದಲನೇ ಬಾಗಿಲ ಹೊರಗೆ ನಿಂತಿದ್ದ.

ಅಜ್ಜು ಏನೂ ಆಗದವನಂತೆ ಮುಂದೆ ನಡೆಸಿದ.

ನನಗೆ ಅರ್ಥವಾಗಲಿಲ್ಲ. ಎದ್ದು ಹೋಗಿ ಸ್ವಿಚ್ಚು ಆರಿಸಿ ಕ್ಯಾಸೆಟ್ಟು ಕಿತ್ತೆ. "ಬೇಡ ಅಣ್ಣಾ" ಎಂದ, ಆದರೆ ಅವನು ನನ್ನ ಕೈ ಹಿಡಿಯಲು ಬರುವ ಹಾಗಿರಲಿಲ್ಲ. ಕ್ಯಾಸೆಟ್ಟಿನ ಹಿಂಬದಿಗೆ ಹಳೇ ಟೇಪು ಅಂಟಿತ್ತು. ಜಿಡ್ಡು ಉಜ್ಜಿ ತೆಗೆದರೆ ಕೆಳಗೆ ನೀಲಿ ಇಂಕಿನ ಅಕ್ಷರ, 'ಕೋಟೆ: ಐದು ಬಾಗ್ಲು ಮಾತ್ರ. ದೊರೆ ಇಲ್ಲ.' ಆಗ ನೆನಪಾಯಿತು. ನಲವತ್ತೆರಡು ಗೇಮು ತುರುಕಲು ಆ ನಕಲಿ ಮಾಡುವವರು ಕೆಲವನ್ನು ಅರ್ಧಕ್ಕೇ ಕತ್ತರಿಸುತ್ತಿದ್ದರು. ಹುಡುಗರು ನನ್ನ ಜೊತೆ ಜಗಳಕ್ಕೆ ಬರುತ್ತಿದ್ದುದರಿಂದ ಪ್ರತಿ ಕ್ಯಾಸೆಟ್ಟಿಗೂ ಚೀಟಿ ಬರೆಸಿ ಅಂಟಿಸಿದ್ದೆ. ಬರೆದವನು ಅಜ್ಜು. ಅವನ ಅಕ್ಷರ ಮುತ್ತಿನ ಹಾಗೆ ಎಂದು ಅವನಿಂದಲೇ ಬರೆಸಿದ್ದೆ, ಹತ್ತು ನಿಮಿಷ ಜಾಸ್ತಿ ಆಡಲು ಬಿಟ್ಟಿದ್ದೆ.

ಜೈನಾಬಮ್ಮ ಒಳಗೆ ನಮಾಜಿಗೆ ನಿಂತಿದ್ದರು. ಹಾಗಾಗಿ ನನ್ನ ಕೂಗಾಟವೆಲ್ಲ ಪಿಸುಮಾತಿನಲ್ಲೇ ಆಗಬೇಕಾಯಿತು. "ಗೊತ್ತಿದ್ದೇ ಆಣೆ ಹಾಕಿದ್ಯಾ? ನಿಮ್ಮಮ್ಮನ ಮೇಲೆ? ಇಲ್ದೇ ಇರೋ ದೊರೇನ ಕೊಲ್ಲೋವರ್ಗೂ ಇಲ್ಲೇ ಕೊಳೀತೀಯಾ? ಮನುಷ್ಯನೇನೋ ನೀನು?"

ಅವನು ಕೈಯಲ್ಲಿದ್ದ ಬಟನ್ನನ್ನು ಪಕ್ಕಕ್ಕಿಟ್ಟ. ಆಮೇಲೆ ಹೇಳಿದ.

"ಅಬ್ಬಾ ಹೋದಾಗ ನೀವೂ ಇದ್ರಿ ಅಲ್ವಾ ಅಣ್ಣಾ. ಇಲ್ಲೇ ಸ್ನಾನ ಮಾಡ್ಸಿ, ಕಫನ್ ಹಾಕಿ, ಡೋಲಾದಲ್ಲಿ ಮಲಗ್ಸಿ ಎತ್ಕೊಂಡ್ವಿ. ತಲೆ ಕಡೆ ನಾನಿದ್ದೆ. ತಿರುವಲ್ಲಿ ಸಿಕ್ಕಾಕೊಳ್ತು. ನೆಟ್ಟಗೆ ನಿಲ್ಸಿದ್ರು. ಸತ್ತಿರೋ ನಮ್ಮಬ್ಬಾ ನನ್ ಮುಂದೆ ಎದ್ದು ನಿಂತ್ಕೊಂಡ್ರು ಅಣ್ಣಾ. ನನ್ ಹೆಗಲ ಮೇಲೆ ಬಿದ್ರು. ಆಸ್ಪತ್ರೆಯಿಂದ ಬಂದ ದಿನ ನನ್ನೂ ಹಂಗೇ ನಿಲ್ಸಿದ್ರಿ. ಕಾಲು ನನ್ನವಲ್ಲ, ಮೈ ನನ್ನದಲ್ಲ, ಹಂಗೇ ಬಿದ್ದೆ. ಇನ್ನೊಂದ್ಸಲ ಆ ತಿರುವಲ್ಲಿ ನನ್ನ ನಿಲ್ಸೋದು ಸತ್ತಾಗ ಮಾತ್ರ. ಬದುಕಿದ್ದಾಗ ಆಗಲ್ಲ. ಭಯ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು, ಆಣೆ ಹಾಕ್ಬಿಟ್ಟೆ. ಇಪ್ಪತ್ತೆರಡನೇ ಮಹಡೀಲಿ ನೇತಾಡ್ದೋನು ಅಣ್ಣಾ ನಾನು." ಬಾಗಿಲ ಕಡೆ ನೋಡಿ ಸೇರಿಸಿದ, "ಎಂಥಾ ಮೆಟ್ಲು ಕಟ್ಟಿದ್ರು ನಿಮ್ಮಪ್ಪ."

ಎಲ್ಲರೂ ಹಾಗೇ ಹೇಳುತ್ತಾರೆ. ಬಾಡಿಗೆಗೆ ಬಂದವರು, ಬೀರು ಹೊತ್ತವರು, ಸಿಲಿಂಡರಿನವರು, ಎಲ್ಲರೂ ಆ ತಿರುವಿನಲ್ಲಿ ನಮ್ಮಪ್ಪನನ್ನು ಬೈದು ಹೋಗಿದ್ದಾರೆ. ನಾನು ಸುಮ್ಮನಿರುತ್ತಿದ್ದೆ. ನಮ್ಮಪ್ಪ ಜಿಪುಣನೇ, ಆದರೆ ತಿರುವನ್ನು ಅಗಲವಾಗಿಯೇ ಕಟ್ಟಿಸಿದ್ದ. ಪಾರ್ಲರಿನ ಟಿವಿ, ಕ್ಯಾಸೆಟ್ಟು ಇಡಲು ಜಾಗವಿಲ್ಲ ಎಂದು ಹಠ ಹಿಡಿದು ತಿರುವಿನ ಅರ್ಧಕ್ಕೆ ಅಡ್ಡಗೋಡೆ ಹಾಕಿಸಿ ಆ ಸ್ಟೋರು ಮಾಡಿಕೊಂಡವನು ನಾನು. ಬೇಡ ಕಣೋ ಎಂದಿದ್ದ ಅಪ್ಪ. ಪಾರ್ಲರ್ ಮುಚ್ಚಿ ಇಪ್ಪತ್ತು ವರ್ಷವಾದರೂ ಆ ಗೋಡೆ ನನ್ನ ಕಣ್ಣಿಗೆ ಗೋಡೆಯಾಗಿ ಕಾಣಲೇ ಇಲ್ಲ. ಇವನಿಗೆ ಕೊಟ್ಟ ಕ್ಯಾಸೆಟ್ಟನ್ನೂ ಅದರ ಹಿಂದಿನಿಂದಲೇ ತೆಗೆದಿದ್ದೆ. ನನಗೆ ಅಲ್ಲೇ ಕೂತಲ್ಲೇ ಅಳು ಬಂತು. ಅವನೆದುರು ಅಳಲು ನನಗೇನು ಹಕ್ಕು ಎಂದು ಎದ್ದು ಬಂದೆ.

ಅಂಗಡಿಯಿಂದ ದೊಡ್ಡ ಸುತ್ತಿಗೆ ತಂದೆ. ಆಳು ಕರೆಯಲಿಲ್ಲ. ನಾಲ್ಕೂವರೆ ಇಂಚಿನ ಗೋಡೆ, ಭಾರ ಹೊರುವಂಥದ್ದಲ್ಲ. ಆದರೂ ನಲವತ್ತೇಳರ ನನ್ನ ಹೊಟ್ಟೆಗೆ ಅದು ಕೋಟೆಯೇ ಆಯಿತು. ನಾಲ್ಕು ಗಂಟೆಗೆ ಶುರುಮಾಡಿದ್ದು, ಕತ್ತಲಾಗುವ ಹೊತ್ತಿಗೆ ಮುಗಿಯಿತು. ಹೊಡೆಯುವಾಗ ಒಮ್ಮೆ ಮೇಲೆ ನೋಡಿದೆ. ಅಜ್ಜು ಕೈಯಲ್ಲಿ ತೆವಳಿಕೊಂಡು ಹೊಸ್ತಿಲವರೆಗೆ ಬಂದು ಬಾಗಿಲ ಚೌಕಟ್ಟು ಹಿಡಿದು ಕೂತಿದ್ದ. "ಧೂಳು ಕಣೋ, ಒಳಗೆ ಹೋಗು" ಎಂದೆ. ಹೋಗಲಿಲ್ಲ. ಇಟ್ಟಿಗೆ ಬೀಳುವುದನ್ನೇ ನೋಡುತ್ತಿದ್ದ. ನಾನು ಯಾಕೆ ಒಡೆಯುತ್ತಿದ್ದೇನೆ, ಗೋಡೆ ಯಾರದು, ಎಲ್ಲ ಹೇಳಿದೆ. ಅವನು ಪರವಾಗಿಲ್ಲ ಎನ್ನಲಿಲ್ಲ, ಬೈಯಲೂ ಇಲ್ಲ.

ಸೋಮವಾರ ಬೆಳಿಗ್ಗೆ ನಂದಕುಮಾರ್ ಇಬ್ಬರನ್ನು ಕರೆದುಕೊಂಡು ಬಂದ. ಕುರ್ಚಿ, ಹಗ್ಗ, ಕೆಳಗೆ ವ್ಯಾನು, ಎಲ್ಲ ಸಿದ್ಧ. ಮೇಲೆ ಹೋದರೆ ಅಜ್ಜು ಹೊಸ ಅಂಗಿ ಹಾಕಿ ಕೂತಿದ್ದ, ಆದರೆ ಟಿವಿ ಓಡುತ್ತಿತ್ತು, ಕೈ ಬಟನ್ನಿನ ಮೇಲಿತ್ತು. ಸೀನ ಐದನೇ ಬಾಗಿಲ ಮುಂದೆ ಸುಮ್ಮನೆ ನಿಂತಿದ್ದ. ಗೋಡೆ ಬಿದ್ದಿದೆ, ದಾರಿ ಇದೆ, ಭಯ ಮಾತ್ರ ಇದ್ದಲ್ಲೇ ಇದೆ. ಇನ್ನು ಒಡೆಯಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಜೈನಾಬಮ್ಮ ಜಪಮಣಿ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದರು. ಮಗ ಹೋಗಲಿ ಎಂಬ ಆಸೆ, ಆಣೆಯ ಹೆದರಿಕೆ, ಎರಡೂ ಆ ಮುಖದಲ್ಲಿತ್ತು. ಕೇಳಿದರು, "ಎಷ್ಟನೇ ಬಾಗ್ಲು ಬೇಟಾ?"

ಅಜ್ಜು ಪರದೆ ನೋಡಿದ, ನನ್ನನ್ನು ನೋಡಿದ.

"ಕೊನೇದು ಅಮ್ಮಿ. ದೊರೆ ಸತ್ತ." ಹೇಳಿ ಟಿವಿ ಆರಿಸಿದ.

ಅವರು ನಂಬಲಿಲ್ಲ. ನನ್ನ ಕಡೆ ತಿರುಗಿದರು. "ನಿಜಾನಾ ಮಹೇಂದ್ರ? ನೀನು ನೋಡಿದ್ಯಾ?"

"ನಾನೇ ನೋಡಿದೆ ಜೈನಾಬಮ್ಮ. ನಿನ್ನೆ ಸಾಯಂಕಾಲ ಸತ್ತ" ಎಂದೆ. ಅರವತ್ತೆಂಟರ ತಾಯಿಗೆ ಹೇಳಿದ ಆ ಸುಳ್ಳಿಗೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಅವರು ಮಗನ ಹಣೆಗೆ ಊದಿ ಪಕ್ಕಕ್ಕೆ ಸರಿದರು.

ನಾಲ್ಕು ಜನ ಕುರ್ಚಿ ಎತ್ತಿದೆವು. ತಲೆ ಕಡೆ ನಾನಿದ್ದೆ. ಎಂಟು ಮೆಟ್ಟಿಲು ಇಳಿಯುವಷ್ಟರಲ್ಲಿ ಅಜ್ಜು ಕಣ್ಣು ಮುಚ್ಚಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದ. ತಿರುವಿನಲ್ಲಿ ಕುರ್ಚಿ ಮಟ್ಟವಾಗಿಯೇ ತಿರುಗಿತು, ಒಂದು ಇಂಚೂ ಓರೆಯಾಗಲಿಲ್ಲ. "ನಿಲ್ಸಿ" ಎಂದ. ನಿಲ್ಲಿಸಿದೆವು. ಕಣ್ಣು ಮುಚ್ಚಿಕೊಂಡೇ ಬಲಗೈ ಚಾಚಿ ಗೋಡೆಯಿದ್ದ ಜಾಗದಲ್ಲಿ ತಡಕಿದ, ಇನ್ನೂ ಚಾಚಿದ. ಕೈಗೆ ಏನೂ ತಾಗಲಿಲ್ಲ. ಆಗ ಕಣ್ಣು ಬಿಟ್ಟ.

"ಅಬ್ಬಾನ್ನೂ ಹಿಂಗೇ ಇಳಿಸ್ಬೋದಿತ್ತು ಅಲ್ವಾ ಅಣ್ಣಾ?" ಎಂದ.

ಹೌದು ಎಂದೆ. ಇನ್ನು ಒಂಬತ್ತು ಮೆಟ್ಟಿಲಿತ್ತು, ಇಳಿದೆವು.