ಮೂರ್ತಿ ಅಕ್ಕನನ್ನು ಬುಲೆಟ್ ಟ್ರೈನ್ ಹತ್ತಿಸಿದ್ದು

ಕಳೆದ ಭಾನುವಾರ ಸಿಂಗಾಪುರದ ಕ್ಲೆಮೆಂಟಿಯ ನಮ್ಮ ಫ್ಲ್ಯಾಟಿಗೆ ಸಂಸಾರ ಸಮೇತ ಊಟಕ್ಕೆ ಬಂದ ಗೆಳೆಯ ಮೂರ್ತಿ ಬಾಯಿಯೇ ಬಿಡಲಿಲ್ಲ. ಹುಷಾರಿಲ್ಲವೇನೋ ಅಂತ ನನ್ನ ಹೆಂಡತಿ ಶುಂಠಿ ಕಷಾಯ ಮಾಡಿಕೊಟ್ಟಳು.

ಗಾಬರಿ ಆಗದೆ ಇರುತ್ತದೆಯೇ? ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಈ ಮೂರ್ತಿ, ಜಪಾನಿಗೆ ಹೊರಡುವ ಮುಂಚೆ ತಿಂಗಳಿಡೀ ನಮ್ಮ ಕಿವಿ ತೂತು ಮಾಡಿದ್ದರು. "ಮೊನ್ನೆ ತೊಂಬತ್ತೆರಡರಲ್ಲಿ ಹೊಸದಾಗಿ ನೊಝೊಮಿ ಅಂತ ಬುಲೆಟ್ ಟ್ರೈನ್ ಬಿಟ್ಟಿದಾರೆ. ಒಂದ್ ಸೆಕೆಂಡ್ ಲೇಟ್ ಆಗಲ್ಲ ಕಣ್ರೀ! ನಮ್ ಜನಕ್ಕೆ ಆ ಡಿಸಿಪ್ಲಿನ್ ಎಲ್ಲಿದೆ?" (ನಮ್ಮ ಜನ ಅಂದರೆ ನಾವು. ಅವರಲ್ಲ.) ಸಿಂಗಾಪುರದ ಎಂಆರ್‌ಟಿ ರೈಲು ಕೂಡ ಅವರ ಕಣ್ಣಿಗೆ ಎತ್ತಿನ ಗಾಡಿ.

ಕೊನೆಗೆ ನಡೆದದ್ದನ್ನು ಹೇಳಿದವರು ಅವರ ಹೆಂಡತಿ ಸುಧಾ.

ಟೋಕಿಯೋ ಸ್ಟೇಷನ್. ಜೊತೆಗೆ ಬಂದಿದ್ದ ಮೂರ್ತಿಯ ಅಕ್ಕ-ಭಾವ ಒಸಾಕಾಗೆ ಹೊರಟಿದ್ದರು. ಇವರು ಹತ್ತಿಸಲು ಹೋಗಿದ್ದರು. ಹತ್ತಿಸುವುದು ಅಂದರೆ ನಮ್ಮಲ್ಲಿ ಏನು? ಒಳಗೆ ಹೋಗಬೇಕು. ಸೀಟ್ ಹುಡುಕಬೇಕು. ಸೂಟ್‌ಕೇಸ್ ಮೇಲಿಡಬೇಕು, ಸರಿಯಾಗಿಲ್ಲ ಅಂತ ಮತ್ತೆ ಇಳಿಸಬೇಕು. ಪುಳಿಯೋಗರೆ ಡಬ್ಬಿ ಯಾವ ಬ್ಯಾಗಿನಲ್ಲಿದೆ ಅಂತ ಎರಡು ಸಲ ಹೇಳಬೇಕು. ಗಾಡಿ ಅಲುಗಾಡಿದ ಮೇಲೆ ಆರಾಮಾಗಿ ಇಳಿಯಬೇಕು. ಮೂರ್ತಿ ಇಳಿಯುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿದರು.

ಬಾಗಿಲು ಮುಚ್ಚಿತು. ಟ್ರೈನ್ ಹೊರಟಿತು. ಸರಿಯಾದ ಟೈಮಿಗೇ!

"ಇಳೀರಿ ಇಳೀರಿ ಅಂತ ಪ್ಲಾಟ್‌ಫಾರ್ಮಲ್ಲಿ ಕೈ ಬೀಸಿದೆ. ಇವ್ರು ಗಾಜಿನ ಆಚೆಯಿಂದ ನನಗೇ ಟಾಟಾ ಮಾಡಿದ್ರು," ಅಂದರು ಸುಧಾ.

"ಅಪ್ಪ ಸೋ ಸಿಲ್ಲಿ ಲಾ!" ಅಂದಳು ಅವರ ಪುಟ್ಟ ಮಗಳು, ಅಪ್ಪಟ ಸಿಂಗಾಪುರದ ಇಂಗ್ಲಿಷಿನಲ್ಲಿ.

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನಗು ನಿಂತಿತು. ಟ್ರೈನ್ ಮುಂದೆ ನಿಲ್ಲುವುದು ನಗೋಯಾದಲ್ಲಿ, ಮೈಲುಗಟ್ಟಲೆ ಆಚೆ. ದುಡ್ಡು, ಹೋಟೆಲಿನ ಕಾರ್ಡು, ಮೂವರ ಪಾಸ್‌ಪೋರ್ಟು, ಎಲ್ಲವೂ ಮೂರ್ತಿಯ ಸೊಂಟದ ಪೌಚಿನಲ್ಲಿ. ಇಲ್ಲಿ ಸುಧಾ ಕೈಯಲ್ಲಿ ಹಸಿದು ಅಳುವ ಇದೇ ಮಗು. ಭಾಷೆ ಬಾರದು. ಎದ್ದು ಹೋದರೆ ಗಂಡ ಬಂದು ಹುಡುಕಿಯಾನು ಅಂತ ಬಾತ್‌ರೂಮಿಗೂ ಹೋಗದೆ, ಮೂರ್ತಿ ನಗೋಯಾದಿಂದ ಇನ್ನೊಂದು ರೈಲು ಹಿಡಿದು ವಾಪಸು ಬರುವವರೆಗೂ ಅದೇ ಬೆಂಚಿನ ಮೇಲೆ ಕೂತಿದ್ದರಂತೆ. ನನಗೆ ನಿಜಕ್ಕೂ ಸಂಕಟವಾಯಿತು.

ಆಗ ಮೂರ್ತಿ ಬಾಯಿಬಿಟ್ಟರು. "ಒಂದ್ ನಿಮಿಷ ನಿಲ್ಸಿದ್ರೆ ಅವರ ಗಂಟೇನ್ ಹೋಗ್ತಿತ್ತು? ಮನುಷ್ಯತ್ವ ಇಲ್ಲದ ರೈಲು ರೀ!" ಅಷ್ಟಕ್ಕೇ ಬಿಡಲಿಲ್ಲ. "ಇವಳಾದ್ರೂ ಟ್ಯಾಕ್ಸಿ ಮಾಡ್ಕೊಂಡು ಹೋಟೆಲ್‌ಗೆ ಹೋಗೋದಲ್ವಾ?"

ಸುಧಾ ಮಗಳಿಗೆ ಮೊಸರನ್ನ ಕಲಸುತ್ತಿದ್ದರು.

ಅಲ್ಲ ಮೂರ್ತಿಗಳೇ, ರೈಲಿನದೇ ತಪ್ಪು ಅಂತಿಟ್ಟುಕೊಳ್ಳೋಣ. ಹೆಂಡತಿಯ ಪಾಸ್‌ಪೋರ್ಟ್ ನಿಮ್ಮ ಸೊಂಟದಲ್ಲಿ ಏನು ಮಾಡುತ್ತಿತ್ತು?