ಒಂದೇ ಚಪ್ಪಲಿಯ ಬಾತುಕೋಳಿ

ಶಾಂತಾ, ಆ ಕಾರ್ಟೂನಿನ ಬಾತುಕೋಳಿಯ ಬಾಯಲ್ಲಿ ನಿನ್ನ ಮಾತನ್ನು ಇಟ್ಟವಳು ನಾನೇ. ಅದು ಯಾವ ಇಂಗ್ಲಿಷ್ ಪಿಕ್ಚರಿನದೂ ಅಲ್ಲ.

ರಿಟೈರ್ ಆದಮೇಲೆ ವಿಜಯಪುರದ ಮನೆಯಲ್ಲಿ ಕೂತು ಟಿವಿಯ ಕಾರ್ಟೂನ್ ಕಾಮಿಡಿಗೆ ಕನ್ನಡ ಡೈಲಾಗ್ ಬರೆಯುತ್ತಿದ್ದೆನಲ್ಲ — ಅದರ ತುಂಬ ಹಳೆಯ ಹಾಲಿವುಡ್ ಚಿತ್ರಗಳ ಗುಟ್ಟಿನ ಜೋಕುಗಳು. ಗೋಡೆಯ ಮೇಲೊಂದು ಪೋಸ್ಟರ್, ಹಿಂದೆಲ್ಲೋ ಒಂದು ಟ್ಯೂನ್... ಕಾನ್ವೆಂಟಿನಲ್ಲಿ ಸಿಸ್ಟರ್ ತೋರಿಸಿದ್ದ ಪಿಕ್ಚರ್‌ಗಳನ್ನು ನೆನೆದು ಅವನ್ನು ಹುಡುಕುವುದೇ ನನಗೊಂದು ಥ್ರಿಲ್. ನಮ್ಮ ಮಕ್ಕಳಿಗೆ ಅವು ತಿಳಿಯುವುದಿಲ್ಲ. "ಮೇಡಂ, ನಿಮ್ಮ ಕಡೇದೇ ಏನಾದ್ರೂ ಹಾಕಿ" ಅಂದರು ಸ್ಟುಡಿಯೋದವರು. ಬಾತುಕೋಳಿ ಬಸ್ಸಿನ ಹಿಂದೆ ಓಡುವ ಸೀನ್ ಬಂತು. ಕೈ ತಾನಾಗಿಯೇ ಬರೆಯಿತು — ಅಲ್ಲ, ನಾನೇ ಬರೆದೆ.

"ನಿಂದರಸ್ರೀ ಯಪ್ಪಾ! ಒಂದ ಚಪ್ಪಲಿಲೇ ಬಂದೇನಿ!"

ಅದು ಟಿವಿಯಲ್ಲಿ ಬಂದ ದಿನ ನಾನೂ ಬಬಲೇಶ್ವರದ ನಿನ್ನ ಮನೆಗೆ ಬಂದಿದ್ದೆ. ನಿನ್ನ ಮೊಮ್ಮಕ್ಕಳು ಅದನ್ನೇ ಕೂಗುತ್ತ ಅಂಗಳವೆಲ್ಲ ಓಡಿದರು. ನೀನೂ ನಕ್ಕೆ. ಆಮೇಲೆ ನಗು ನಿಲ್ಲಿಸಿ ಕೇಳಿದೆ — "ಇದನ್ನ ಎಲ್ಲಿಂದ ತಂದೀ ಬೇ?"

"ಹಳೇ ಇಂಗ್ಲಿಷ್ ಪಿಚ್ಚರಿಂದು. ರೆಫರೆನ್ಸ್ ಅಂತಾರ."

"ಹೌದಾ? ಆ ಪಿಚ್ಚರಿನ್ಯಾಗ ಬಸ್ಸಿನ ಒಳಗ ಕುಂತಾಕಿಗೆ ಕೇಳಸ್ತೇನ?"

"ಇಲ್ಲ."

"ಹಂಗಾದ್ರ ಅಕೀದೇನ ತಪ್ಪಿಲ್ಲ ಬಿಡು."

ಅಂದಿನಿಂದ ಪ್ರತಿ ಫೋನಿನಲ್ಲೂ ಒಂದೇ ಮಾತು: "ಆ ಪಿಚ್ಚರ್ ಯಾವಾಗ ತೋರಸ್ತೀ?" ಫೋನ್ ಇಟ್ಟಮೇಲೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನಮ್ಮ ಟಿಕೋಟಾದ ಆ ಹಳೆಯ ಮುಂಜಾನೆ. ನಿನ್ನ ಮದುವೆ ಗೊತ್ತಾಗಿತ್ತು. ಮನೆಯವರಿಗೆ ಹೇಳದೆ ನೀನು ನನ್ನ ಜೊತೆ ಧಾರವಾಡದ ಕಾಲೇಜಿಗೆ ಬರುತ್ತೇನೆಂದಿದ್ದೆ. ನಿನಗೆ ತಡವಾಯಿತು. ನಾನು ಕೂತಿದ್ದ ಬಸ್ಸು ಹೊರಟಿತ್ತು. ಅದರ ಹಿಂದೆ ನೀನು, ನಿನ್ನ ಹಿಂದೆ ನಿಮ್ಮಣ್ಣ... ರಟ್ಟೆ ಹಿಡಿದು ಎಳೆದೊಯ್ದ. ರಜೆಗೆ ಬಂದಾಗ ನಿನ್ನ ಕೊರಳಲ್ಲಿ ತಾಳಿ. "ನನಗ ನಿದ್ದಿ ಹತ್ತಿತ್ತು, ಕಾಣಲೇ ಇಲ್ಲ" ಅಂದೆ ನಾನು. ನೀನು ನಂಬಿದೆ. ಅಂದು ನೀನು ಏನೆಂದು ಕೂಗಿದ್ದೆ — ನಾನು ವಿಚಾರಿಸಲಿಲ್ಲ, ನೀನೂ ಎಂದೂ ಹೇಳಲಿಲ್ಲ. ಆದರೂ ಆ ಮಾತು, ಅಕ್ಷರವೂ ತಪ್ಪದೆ, ನನ್ನ ಪೆನ್ನಿಗೆ ಬಂತಲ್ಲ... ನಿನಗೆ ಗೊತ್ತಾಗಿದೆ, ಅಲ್ಲವೇ? ನನ್ನ ಬಾಯಿಂದಲೇ ಬರಲೆಂದು ಕಾಯುತ್ತಿದ್ದೀಯಾ?

ನಿನ್ನನ್ನು ಓಡಿಸಿಕೊಂಡು ಬಂದಳೆಂದು ನನ್ನನ್ನು ಕಾಲೇಜಿನಿಂದ ಹೊರಗೆ ಹಾಕಿಯಾರು ಅಂತ — ಬೇಡ. ಆ ನೆಪ ಹೇಳುವುದಿಲ್ಲ.

ನಾಳೆ ಬಬಲೇಶ್ವರದ ಬಸ್ಸು ಹತ್ತುತ್ತೇನೆ. ಅಂಥ ಪಿಚ್ಚರೇ ಇಲ್ಲ, ಶಾಂತಾ. ಕಿಟಕಿಯ ಪಕ್ಕ ಕೂತವಳು ಎಚ್ಚರವಾಗಿದ್ದಳು. ಬಸ್ಸು ನಿಲ್ಲಿಸುವ ಕಂಡಕ್ಟರನ ಗಂಟೆಯ ಹಗ್ಗ ನನ್ನ ತಲೆಯ ಮೇಲೆಯೇ ತೂಗುತ್ತಿತ್ತು.