ಪಾಸ್ ಅಂದರೆ ಹತ್ತಿರ ಬಾ

ನಮ್ಮ ಮಸ್ಕಿಯ ಶಾಲೆಯ ಡ್ರಿಲ್ ಮಾಸ್ತರ ಕರಿಬಸಯ್ಯನವರ ಕಾಲುಗಳ ಮೇಲೆ ಊರಿಗೆಲ್ಲ ಕಣ್ಣು. ಮೊದಲನೆಯದಾಗಿ ಅವರು ಅಯ್ಯನವರು; ಕಂಡವರು ಬಗ್ಗಿ ಕಾಲು ಮುಟ್ಟುವ ಮನೆತನ. ಎರಡನೆಯದಾಗಿ ಆ ಕಾಲುಗಳು ಮೊಣಕಾಲಿನಿಂದ ಕೆಳಗೆ ಬರಿದೇ ಇರುತ್ತಿದ್ದವು. ಖಾಕಿ ಚಡ್ಡಿ, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಅದರ ಮಗ್ಗುಲಿಗೇ ಸೀಟಿ. ಬೆಳಿಗ್ಗೆ ನಮ್ಮನ್ನು ಓಡಿಸಿಕೊಂಡು ಸಂತೆ ಬೀದಿಯಲ್ಲಿ ಹೊರಟರೆ ಯಾರಾದರೊಬ್ಬ ಅಜ್ಜಿ ಅಡ್ಡ ಬಂದು ಬಗ್ಗಿಬಿಡುವಳು. ಮಾಸ್ತರರು ನಿಲ್ಲಬೇಕು, ಆಶೀರ್ವಾದ ಮಾಡಬೇಕು, ಅಲ್ಲಿಯ ತನಕ ನಾವು ನಿಂತಲ್ಲೇ ಕುಣಿಯುತ್ತಿರಬೇಕು. ಒಂದು ಮೈಲಿ ಓಡಿ ಮುಗಿಸುವಷ್ಟರಲ್ಲಿ ನಾಲ್ಕೈದು ಅಜ್ಜಿಯರು ಉದ್ಧಾರವಾಗಿರುತ್ತಿದ್ದರು.

ನಿಜಾಮರ ಕಾಲ ಮುಗಿದ ಮರುವರ್ಷ, ಅಂದರೆ ನಲವತ್ತೊಂಬತ್ತರಲ್ಲಿ, ಅವರು ಹೈದರಾಬಾದಿಗೆ ಆರು ತಿಂಗಳ ತರಬೇತಿಗೆ ಹೋಗಿದ್ದರು. ಅಲ್ಲಿ ಹದಿನೈದು ದಿನ ಬಾಸ್ಕೆಟ್‌ಬಾಲ್ ನೋಡಿದರು. ಅಷ್ಟೇ. ಬಾಕಿ ಐದೂವರೆ ತಿಂಗಳು ಕಲಿತದ್ದೆಲ್ಲ ರೈಲಿನಲ್ಲೇ ಉಳಿಯಿತು, ಆ ಹದಿನೈದು ದಿನದ ಹುಚ್ಚು ಮಾತ್ರ ಮಸ್ಕಿಯಲ್ಲಿ ಇಳಿಯಿತು. ಬಂದವರೇ ಶಾಲೆಯ ಹಿಂದೆ ಗರಸು ಮಣ್ಣು ಹಾಕಿಸಿ ನೆಲ ಬಡಿಸಿದರು. ಕಮ್ಮಾರನಿಂದ ಎರಡು ಕಬ್ಬಿಣದ ಬಳೆ ಮಾಡಿಸಿ ಕಂಬಕ್ಕೆ ಹಲಗೆ ಹೊಡೆದು ಏರಿಸಿದರು. ಬಳೆಗೆ ಜಾಳಿಗೆ ಬೇಕಲ್ಲ? ಮನೆಯ ಅಡುಗೆಮನೆಯಲ್ಲಿ ಹಾಲಿನ ಗಡಿಗೆ ತೂಗುಹಾಕುವ ನೆಲುವು ಇತ್ತು. ಒಂದು ದಿನ ಅದು ಇರಲಿಲ್ಲ. ಅವರ ಹೆಂಡತಿ ಕಸ್ತೂರೆಮ್ಮನವರು ಬೆಕ್ಕು ಕುಡಿದು ಬಿಟ್ಟ ಗಡಿಗೆ ಹಿಡಿದು ಮೈದಾನಕ್ಕೇ ಬಂದು ಮೇಲೆ ನೋಡಿದರು. ತಳ ಕತ್ತರಿಸಿಕೊಂಡ ತಮ್ಮ ನೆಲುವು ಗಾಳಿಗೆ ಆಡುತ್ತಿತ್ತು. ಅವತ್ತಿನಿಂದ ಅವರಿಗೆ ಈ ಆಟ ಕಂಡರೆ ಆಗುತ್ತಿರಲಿಲ್ಲ.

ಆಟ ಶುರುವಾಯಿತು, ಸೋಲೂ ಶುರುವಾಯಿತು. ಐವತ್ತೊಂದರಿಂದ ಐವತ್ತೈದರ ತನಕ ಸಿಂಧನೂರಿಗೆ ಹೋಗಿ ಸೋತೆವು, ಲಿಂಗಸುಗೂರಿಗೆ ಹೋಗಿ ಸೋತೆವು, ಅವರನ್ನೇ ಮಸ್ಕಿಗೆ ಕರೆಸಿ ಊಟ ಹಾಕಿ ಸೋತೆವು. ಹಟ್ಟಿಯ ಮೇಲೆ ನಲವತ್ತಾರಕ್ಕೆ ಎರಡು. ಆ ಎರಡನ್ನೂ ಹಟ್ಟಿಯ ಹುಡುಗನೊಬ್ಬ ದಿಕ್ಕು ತಪ್ಪಿ ನಮ್ಮ ಲೆಕ್ಕಕ್ಕೆ ಹಾಕಿ ಹೋಗಿದ್ದ.

ನಾನು, ಅಂದರೆ ಹಂಪಣ್ಣ, ತಂಡಕ್ಕೆ ಸೇರಿದ್ದು ಐವತ್ತನಾಲ್ಕರಲ್ಲಿ. ಐವರಲ್ಲಿ ನನ್ನನ್ನು ಬಿಟ್ಟು ನೀವು ನೆನಪಿಡಬೇಕಾದವರು ಇಬ್ಬರೇ. ಒಬ್ಬ ಶಾವಲಿ. ಗಾಳಿ ಓಡಿದ ಹಾಗೆ ಓಡುತ್ತಿದ್ದ. ಎತ್ತ ಓಡಬೇಕು ಅನ್ನುವುದೊಂದೇ ತೊಂದರೆ. ಇನ್ನೊಬ್ಬ ಅಮರಗುಂಡಪ್ಪ. ಆರು ಅಡಿ ಎತ್ತರ, ತುಪ್ಪ ಉಂಡು ಬೆಳೆದ ಮೈ. ಓಡುವುದು ಅವನಿಗೆ ಬೈಗುಳದ ಹಾಗೆ ಕೇಳುತ್ತಿತ್ತು. ಬಿಸಿಲಿಗೆ ಹಲಗೆಯ ನೆರಳು ಬುಟ್ಟಿಯ ಮುಂದೆ ಮೂರ್ನಾಲ್ಕು ಹೆಜ್ಜೆ ದೂರ ಬೀಳುತ್ತದಲ್ಲ, ಆ ಒಂದು ಹಾಸಿಗೆಯಷ್ಟು ನೆರಳಿನಲ್ಲಿ ಹೋಗಿ ನಿಂತರೆ ಆಟ ಮುಗಿಯುವ ತನಕ ಅಲ್ಲೇ. ಬುಟ್ಟಿಯ ಕೆಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಅನ್ನುವ ನಿಯಮ ಆಗಲೂ ಇತ್ತಂತೆ, ನಮ್ಮ ಕಡೆ ಅದು ಇನ್ನೂ ಬಸ್ಸಿಳಿದಿರಲಿಲ್ಲ.

ನಮ್ಮ ಆಟದ ಪದ್ಧತಿ ಹೀಗಿತ್ತು. ಚೆಂಡು ಒಬ್ಬನ ಕೈಗೆ ಬರುತ್ತಲೇ ಮಾಸ್ತರರು ಗೆರೆಯ ಹೊರಗಿಂದ "ಪಾಸ್, ಪಾಸ್" ಅಂತ ಕೂಗುವರು. ಕೂಗಿದ ಕೂಡಲೇ ನಾವೆಲ್ಲ ಓಡಿಬಂದು ಚೆಂಡಿದ್ದವನನ್ನು ಮುತ್ತಿಕೊಳ್ಳುತ್ತಿದ್ದೆವು, ಅಮರಗುಂಡಪ್ಪನೊಬ್ಬ ಬಿಟ್ಟು. ಮಾಸ್ತರರು ಇನ್ನೂ ಜೋರಾಗಿ "ಪಾಸ್" ಅನ್ನುವರು. ನಾವು ಇನ್ನೂ ಒತ್ತಿಕೊಳ್ಳುವೆವು. ಎದುರಾಳಿಗಳು ಆರಾಮವಾಗಿ ಕೈ ಹಾಕಿ ಚೆಂಡು ತೆಗೆದುಕೊಂಡು ಹೋಗುವರು. ಆಮೇಲೆ ಮಾಸ್ತರರು ತಲೆ ಹಿಡಿದುಕೊಂಡು ನಮ್ಮನ್ನು ಕತ್ತೆಗಳು ಅನ್ನುವರು. ನಾವು ತಲೆ ತಗ್ಗಿಸುವೆವು. ಮುತ್ತಿಕೊಂಡದ್ದು ಸಾಲದಾಯಿತೇನೋ, ಮುಂದಿನ ಸಲ ಇನ್ನೂ ಬೇಗ ಓಡಿಬರಬೇಕು ಅಂದುಕೊಳ್ಳುವೆವು. ನಮಗಿಂತ ಮುಂಚಿನ ತಂಡದವರು ನಮಗೆ ಹಾಗೇ ಕಲಿಸಿ ಹೋಗಿದ್ದರು.

ಐವತ್ತೈದರ ಡಿಸೆಂಬರಿನಲ್ಲಿ ಇನ್‌ಸ್ಪೆಕ್ಟರ್ ಸಾಹೇಬರಿಂದ ಕಾಗದ ಬಂತು. ಐದು ವರ್ಷದಲ್ಲಿ ಒಂದೂ ಪಂದ್ಯ ಗೆಲ್ಲದ ಶಾಲೆಗೆ ಡ್ರಿಲ್ ಮಾಸ್ತರ ಯಾಕೆ? ಫೆಬ್ರವರಿಯಲ್ಲಿ ಹಟ್ಟಿಯ ಪಂದ್ಯಾವಳಿಯಲ್ಲಿ ಒಂದನ್ನಾದರೂ ಗೆಲ್ಲದಿದ್ದರೆ ಆ ಹುದ್ದೆ ರದ್ದು. ಕರಿಬಸಯ್ಯನವರು ಲಿಂಗಸುಗೂರಿನ ಕಚೇರಿಗೆ ಗುಮಾಸ್ತರಾಗಿ ಹೋಗತಕ್ಕದ್ದು.

ಮಾಸ್ತರರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಅವತ್ತು ಸೀಟಿ ಊದಲಿಲ್ಲ. ಮನೆಯಲ್ಲಿ ಮಾತ್ರ ಹಬ್ಬ. ಕಸ್ತೂರೆಮ್ಮನವರು ಏಳು ವರ್ಷದಿಂದ ಬೇಡಿಕೊಳ್ಳುತ್ತಿದ್ದುದು ಅದನ್ನೇ: ಕುರ್ಚಿಯ ಮೇಲೆ ಕೂಡುವ, ಪೂರಾ ಪ್ಯಾಂಟ್ ಹಾಕುವ ಒಂದು ನೌಕರಿ. ಮರುದಿನವೇ ಗಂಡನ ಹಳೆಯ ಚಡ್ಡಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ದರ್ಜಿ ಇಸ್ಮಾಯಿಲ್‌ಸಾಬರ ಅಂಗಡಿಗೆ ಹೋದರು.

"ಸೊಂಟ ಇಷ್ಟರೀ," ಅಂದರು ಚಡ್ಡಿ ಮುಂದಿಟ್ಟು. "ಇದನ್ನ ಹಿಮ್ಮಡಿತನಕ ಬೆಳಸಿ ಕೊಡ್ರಿ."

ಇಸ್ಮಾಯಿಲ್‌ಸಾಬರು ಬೆಳೆಸಿಕೊಟ್ಟರು. ಅದೇ ಅಳತೆಗೆ ಹೊಸ ಪ್ಯಾಂಟು, ಖಾಕಿಯದೇ, ಒಳ್ಳೆ ಗಟ್ಟಿ ಬಟ್ಟೆ.

ಜನವರಿಯ ಒಂದು ಸಂಜೆ. ಎಂದಿನಂತೆ ಮಾಸ್ತರರು "ಪಾಸ್" ಅಂದರು, ಎಂದಿನಂತೆ ನಾವು ನಾಲ್ವರು ಬಂದು ಮುದ್ದೆಯಾದೆವು. ಅವರು ಬೈಯಲಿಲ್ಲ. ಗರಸಿನ ಮೇಲೆಯೇ ಕೂತುಬಿಟ್ಟರು. ದನಿ ಇಳಿದಿತ್ತು.

"ಇನ್ನೊಂದ್ ತಿಂಗಳಿಗೆ ನಾ ಹೋಗ್ತೀನಿ. ಹೋಗೋಕಿಂತ ಮೊದಲ ಒಂದ್ ಮಾತು ಹೇಳ್ರಿ. ನಾ ಪಾಸ್ ಅಂದಕೂಡ್ಲೆ ಯಾಕ ಬಂದು ಮುತ್ತಿಗೊಂತೀರಲೇ?"

ಶಾವಲಿ ತಲೆ ಕೆರೆದುಕೊಂಡ.

"ನೀವ ಕರೀತೀರಲ್ರೀ ಸರ."

"ನಾ ಯಾವಾಗ ಕರದೀನಿ?"

"ಪಾಸ್ ಅಂತೀರಲ್ರೀ. ಪಾಸ್ ಅಂದ್ರ ಹತ್ರ ಬಾ ಅಂತ ಅಲ್ಲೇನ್ರೀ? ನಮ್ಮಮ್ಮ ಜಮೀಲಾಬೀ ಉಣ್ಣಾಕ ಕರಿಯೋದು ಹಂಗ ಐತ್ರಿ, 'ಪಾಸ್ ಆ ಬೇಟಾ' ಅಂತ."

ಇಂಗ್ಲಿಷಿನ ಪಾಸು ಹೈದರಾಬಾದಿನಿಂದ ಹೊರಟು ಮಸ್ಕಿಗೆ ಬರುವಷ್ಟರಲ್ಲಿ ಶಾವಲಿಯ ಮನೆಯ ಉರ್ದು ಪಾಸಾಗಿಬಿಟ್ಟಿತ್ತು. ತಮಾಷೆಯೆಂದರೆ ಮಾಸ್ತರರು ಓದಿದ್ದೆಲ್ಲ ಉರ್ದುವಿನಲ್ಲೇ, ಶಾವಲಿಗಿಂತ ಶುದ್ಧ ಉರ್ದು ಅವರ ನಾಲಿಗೆಯ ಮೇಲಿತ್ತು. ಐದು ವರ್ಷ ಅವರು ಕೇಳಿರಲಿಲ್ಲ, ಐದು ವರ್ಷ ಯಾರೂ ಹೇಳಿರಲಿಲ್ಲ.

ಮೊದಲು ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡು ನಮಗೆ ಹೆದರಿಕೆಯಾಯಿತು. ಆಮೇಲೆ ನೋಡಿದರೆ ನಗು. ವಿಭೂತಿಯ ಮೇಲೆ ಬೆವರಿಳಿದು, ಕಣ್ಣಲ್ಲಿ ನೀರಿಳಿದು, ಹೊಟ್ಟೆ ಹಿಡಿದುಕೊಂಡು ಗರಸಿನ ಮೇಲೆ ಹೊರಳಿ ನಕ್ಕರು. ನಾವೂ ನಕ್ಕೆವು, ಯಾಕೆ ಅಂತ ಅರ್ಧ ಗೊತ್ತಾಗಿ ಅರ್ಧ ಗೊತ್ತಾಗದೆ. ನಗು ನಿಂತ ಮೇಲೆ ಅವರು ಎದ್ದು ಶಾವಲಿಯ ಮುಂದೆ ಹೋಗಿ ನಿಂತರು.

"ತಪ್ಪು ನಂದಪಾ. ಸುಮ್ಮ ಸುಮ್ಮನ ನಿಮಗ ಕತ್ತೆಗೋಳು ಅಂದೀನಿ."

ಕಾಲು ಮುಟ್ಟಿಸಿಕೊಳ್ಳುವ ಅಯ್ಯನವರು ಒಬ್ಬ ವಿದ್ಯಾರ್ಥಿಯ ಮುಂದೆ ಹಾಗೆ ಕೈ ಜೋಡಿಸಿ ನಿಂತದ್ದನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಶಾವಲಿ ಏನು ಮಾಡಬೇಕೆಂದು ತಿಳಿಯದೆ ಅವರ ಕೈಗೆ ಚೆಂಡು ಕೊಟ್ಟ.

"ಈಗ ಸರಿ ಪಾಸ್ ಮಾಡಿದಿ ನೋಡು," ಅಂದರು ಮಾಸ್ತರರು.

ನಾಲ್ಕು ದಿನ ಹೊಸ ಮಾತು ಕಲಿಸಿ ನೋಡಿದರು. "ಕೊಡು" ಅಂದರು, "ಒಗಿ" ಅಂದರು. ಆದರೆ ಕಾಲುಗಳಿಗೆ ಹತ್ತಿದ ಚಾಳಿ, ಯಾವ ಮಾತು ಕೂಗಿದರೂ ನಾವು ಓಡಿಬಂದು ಮುತ್ತುತ್ತಿದ್ದೆವು. ಐದನೆಯ ದಿನ ಮಾಸ್ತರರು ಸುಮ್ಮನೆ ನಿಂತು ನಮ್ಮ ಗುಂಪನ್ನು ನೋಡಿದರು. ಆಮೇಲೆ ಅತ್ತ, ನೆರಳಿನಲ್ಲಿ ಒಂಟಿಯಾಗಿ ಆಕಳಿಸುತ್ತಿದ್ದ ಅಮರಗುಂಡಪ್ಪನನ್ನು ನೋಡಿದರು. ಮತ್ತೆ ನಮ್ಮನ್ನು ನೋಡಿದರು. ಸೀಟಿ ಬಾಯಿಂದ ಕೆಳಗೆ ಬಿತ್ತು.

"ಬ್ಯಾಡ, ಏನೂ ಬದಲ್ ಮಾಡೂದು ಬ್ಯಾಡ," ಅಂದರು. "ನಾ ಪಾಸ್ ಅಂತೀನಿ, ನೀವು ಮುತ್ರಿ. ನಿಮ್ ಹಿಂದ ಅವರೂ ಬಂದು ಮುತ್ತತಾರ. ಆವಾಗ ಚಂಡು ಮ್ಯಾಲಿಂದ ಅಮರಗುಂಡನ ಕಡೆ ಒಗೀರಿ. ಅಮರಗುಂಡ, ನೀ ಏನ್ ಮಾಡಬೇಕು?"

"ಓಡಬೇಕೇನ್ರೀ ಸರ?"

"ಹೆಜ್ಜಿ ಸೈತ ಎತ್ತಬ್ಯಾಡ. ನಿಂತಲ್ಲೇ ಬುಟ್ಟಿಗೆ ಹಾಕು."

ಅಮರಗುಂಡಪ್ಪನಿಗೆ ಆಟದ ಮೇಲೆ ಪ್ರೀತಿ ಹುಟ್ಟಿದ್ದು ಅವತ್ತು. ತಿಂಗಳೆಲ್ಲ ಅವನು ದಿನಕ್ಕೆ ಇನ್ನೂರು ಸಲ ನಿಂತಲ್ಲಿಂದಲೇ ಎಸೆದ.

ಫೆಬ್ರವರಿಯಲ್ಲಿ ಹಟ್ಟಿಗೆ ಹೊರಟೆವು. ಬಸ್ಸಿನಲ್ಲಿ ಕಸ್ತೂರೆಮ್ಮನವರೂ ಇದ್ದರು, ತೊಡೆಯ ಮೇಲೆ ಒಂದು ಗಂಟು. ಸೋತ ಮೇಲೆ ಮಸ್ಕಿಗೆ ಯಾಕೆ ತಿರುಗಿ ಹೋಗಬೇಕು, ಮರುದಿನ ಹಾಗೇ ಲಿಂಗಸುಗೂರಿಗೆ ಹೋಗಿ ಹಾಜರಾಗಿಬಿಡಿ ಅನ್ನುವುದು ಅವರ ಲೆಕ್ಕ. ಗಂಟಿನಲ್ಲಿದ್ದುದು ಆ ಪ್ಯಾಂಟು. ಮಾಸ್ತರರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ಮೊದಲ ಪಂದ್ಯವೇ ಹಟ್ಟಿಯ ಮೇಲೆ, ಮಧ್ಯಾಹ್ನ ಮೂರಕ್ಕೆ. ಗಣಿ ಊರಿನ ಹುಡುಗರ ಕಾಲಿಗೆ ಬಿಳಿ ಬೂಟು, ನಮ್ಮದು ಬರಿಗಾಲು. ಪಾಳಿ ಮುಗಿಸಿ ಬಂದ ಜನ ಸುತ್ತ ನಿಂತಿತ್ತು, ಇನ್‌ಸ್ಪೆಕ್ಟರ್ ಸಾಹೇಬರು ಕುರ್ಚಿಯ ಮೇಲಿದ್ದರು. ನಾಣ್ಯ ಚಿಮ್ಮಿದಾಗ ಗೆದ್ದ ಮಾಸ್ತರರು ಮೊದಲ ಅರ್ಧ ಮೂಡಲ ಬುಟ್ಟಿಗೆ ಆಡುತ್ತೇವೆ ಅಂದರು. ಹೊತ್ತು ಪಡುವಲಕ್ಕೆ ಇಳಿದಿದೆ, ನೆರಳು ಬೀಳುವುದು ಪಡುವಲ ಬುಟ್ಟಿಯ ಮುಂದೆ. ಮೊದಲರ್ಧದಲ್ಲಿ ಅಮರಗುಂಡಪ್ಪ ಆ ನೆರಳಿನಲ್ಲಿ, ಅಂದರೆ ನಮ್ಮದೇ ಬುಟ್ಟಿಯ ಮುಂದೆ, ಕಂಬದಂತೆ ನಿಂತ. ಹಟ್ಟಿಯವರಿಗೆ ಆ ಕಂಬ ಸುತ್ತಿ ಬರುವುದೇ ಕಷ್ಟವಾಯಿತು. ಆದರೂ ಅರ್ಧಕ್ಕೆ ಹನ್ನೆರಡಕ್ಕೆ ನಾಲ್ಕು, ನಾವು ಹಿಂದೆ.

ದಿಕ್ಕು ಬದಲಾಯಿತು. ಮಾಸ್ತರರು "ಪಾಸ್" ಅಂದರು. ನಾವು ಮುತ್ತಿದೆವು. "ಬಂತ್ ನೋಡ್ರಿ ಮಸ್ಕಿ ಕುರಿ ಹಿಂಡು," ಅಂತ ಯಾರೋ ನಕ್ಕರು. ಹಟ್ಟಿಯ ಹುಡುಗರೂ ನಗುತ್ತ ಚೆಂಡು ಕಸಿಯಲು ನಮ್ಮ ಸುತ್ತ ಸೇರಿದರು. ಒಳಗಿಂದ ನಾನು ಚೆಂಡನ್ನು ಮೇಲಕ್ಕೆ ಎಸೆದೆ. ನೆರಳಿನಲ್ಲಿದ್ದ ಅಮರಗುಂಡಪ್ಪ ಕೈ ಎತ್ತಿ ಹಿಡಿದು ಬುಟ್ಟಿಗೆ ಹಾಕಿ ಮುಖ ಒರೆಸಿಕೊಂಡ. ಆರು. ಮತ್ತೆ "ಪಾಸ್". ಎಂಟು. ಹತ್ತು. ಹಟ್ಟಿಯವರೂ ಹಾಕುತ್ತಿದ್ದರು, ನಾವೂ ಬಿಡಲಿಲ್ಲ. ಹದಿನೆಂಟಕ್ಕೆ ಹದಿನೆಂಟು ಆಯಿತು. ನನಗಂತೂ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ, ಅಷ್ಟು ಖುಷಿ.

ಆಗ ಎರಡು ಎಡವಟ್ಟಾದವು. ಹಟ್ಟಿಯವರು ನಮ್ಮ ಆಟ ತಿಳಿದು ಒಬ್ಬ ಗಟ್ಟಿ ಹುಡುಗನನ್ನು ಅಮರಗುಂಡಪ್ಪನ ಬೆನ್ನಿಗೆ ನಿಲ್ಲಿಸಿದರು. ಇತ್ತ ಕೂಗಿ ಕೂಗಿ ಮಾಸ್ತರರ ಗಂಟಲು ಸತ್ತುಹೋಯಿತು. ಅರ್ಧ ನಿಮಿಷ ಉಳಿದಿದೆ, ಚೆಂಡು ನನ್ನ ಕೈಯಲ್ಲಿದೆ, ಅವರು ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿದೆ. ಕರೆ ಇಲ್ಲದೆ ಆಡಿ ನಮಗೆ ರೂಢಿಯಿಲ್ಲ. ನಾಲ್ವರೂ ಕಲ್ಲಾಗಿ ನಿಂತೆವು. ಅವರ ಕೈ ಕೊರಳ ಸೀಟಿಯನ್ನು ಬಿಗಿಯಾಗಿ ಹಿಡಿದಿತ್ತು. ಆ ಸೀಟಿ ಇನ್ನು ಅವರ ಕೊರಳಿನಲ್ಲಿ ಉಳಿಯುವುದಿಲ್ಲ ಅಂದುಕೊಂಡೆ.

"ಏ ಚಡ್ಡಿ ಅಯ್ಯಾ, ದನಿ ಮಸ್ಕಿಯೊಳಗ ಬಿಟ್ಟು ಬಂದೀಯೇನು?" ಅಂತ ಗುಂಪಿನಿಂದ ಯಾರೋ ಕೂಗಿದರು.

ಏಳು ವರ್ಷ ಅದೇ ಚಡ್ಡಿಯನ್ನು ತಾವೇ ಆಡಿಕೊಂಡಿದ್ದ ಕಸ್ತೂರೆಮ್ಮನವರು ಎದ್ದು ನಿಂತರು. ಮನೆಯವರನ್ನು ತಾವು ಅನ್ನಬಹುದು, ಹಟ್ಟಿಯವರು ಅನ್ನಲಿಕ್ಕೆ ಯಾರು? ಗಂಟು ಬಿಚ್ಚಿಹೋಗಿ ಪ್ಯಾಂಟು ಕೈಗೆ ಬಂದಿತ್ತು. ಅದನ್ನೇ ತಲೆಯ ಮೇಲೆ ಗರಗರ ಬೀಸುತ್ತ ಮೈದಾನ ಅದುರುವ ಹಾಗೆ ಕೂಗಿದರು:

"ಪಾಸ್ ಲೇ! ಪಾಸ್!"

ಹೆಂಗಸಿನ ದನಿ ಕೇಳಿದ್ದೇ ಶಾವಲಿಗೆ ಉಣ್ಣಲು ಕರೆದಂತಾಯಿತೋ ಏನೋ, ಗೆರೆ ದಾಟಿ ಸೀದಾ ಅವರ ಕಡೆಗೇ ಓಡಿದ. ಹಟ್ಟಿಯ ತಂಡಕ್ಕೆ ತಂಡವೇ ಕತ್ತು ತಿರುಗಿಸಿತು. ಅಯ್ಯನವರ ಹೆಂಡತಿ ಬಿಸಿಲಿನಲ್ಲಿ ಪ್ಯಾಂಟು ಬೀಸುವುದನ್ನು ಯಾರು ತಾನೇ ನೋಡಿದ್ದರು? ಅಮರಗುಂಡಪ್ಪನ ಬೆನ್ನಿಗಿದ್ದ ಹುಡುಗನೂ ತಿರುಗಿದ. ನಾನು ಚೆಂಡು ಎಸೆದೆ. ಇಡೀ ಮೈದಾನದಲ್ಲಿ ತಿರುಗಿ ನೋಡದವನು ಅಮರಗುಂಡಪ್ಪ ಒಬ್ಬನೇ, ಅಷ್ಟು ಸೋಮಾರಿ. ಹಿಡಿದ, ಹಾಕಿದ. ಜಾಳಿಗೆ ಅಲುಗಿತು. ಇಪ್ಪತ್ತು.

ಮರುದಿನ ಬೆಳಿಗ್ಗೆ ರಾಯಚೂರಿನ ಮೇಲೆ ಮೂವತ್ತರ ಅಂತರದಲ್ಲಿ ಸೋತೆವು. ಬೆಳಗಿನ ನೆರಳು ಬೇರೆ ಕಡೆ ಬೀಳುತ್ತದೆ ಅನ್ನುವುದನ್ನು ಯಾರೂ ಯೋಚಿಸಿರಲಿಲ್ಲ. ಅದರ ಚಿಂತೆ ಯಾರಿಗೆ? ಇನ್‌ಸ್ಪೆಕ್ಟರ್ ಸಾಹೇಬರು ಒಂದು ಗೆಲುವು ಕೇಳಿದ್ದರು, ಒಂದು ಕೊಟ್ಟಿದ್ದೆವು. ನವೆಂಬರಿನಲ್ಲಿ ರಾಜ್ಯ ಬದಲಾಗಿ ನಾವು ಮೈಸೂರಿಗೆ ಸೇರಿದರೂ ಡ್ರಿಲ್ ಮಾಸ್ತರರು ಬದಲಾಗಲಿಲ್ಲ.

ಹಟ್ಟಿಯಿಂದ ಬಂದ ಮಾರನೆಯ ಸಂಜೆ ನಾವು ಐವರೂ ಅವರ ಮನೆಗೆ ಹೋದೆವು. ಮಾಸ್ತರರಿಗೆ ಇನ್ನೂ ದನಿ ಬಂದಿರಲಿಲ್ಲ, ಮೂಲೆಯಲ್ಲಿ ಬಿಸಿನೀರು ಕುಡಿಯುತ್ತಿದ್ದರು. ಕಸ್ತೂರೆಮ್ಮನವರು ಹೊಸ ಪ್ಯಾಂಟನ್ನು ನೆಲದ ಮೇಲೆ ಹಾಸಿ ಮೊಣಕಾಲಿನ ಹತ್ತಿರ ಗೇಣು ಹಾಕಿ ಅಳೆಯುತ್ತಿದ್ದರು. ಕತ್ತರಿ ತೆಗೆದುಕೊಂಡು ಎರಡೂ ಕಾಲು ಕತ್ತರಿಸಿದರು.

"ಗಟ್ಟಿ ಬಟ್ಟಿ ಐತಿ," ಅಂದರು ನಮ್ಮ ಕಡೆ ನೋಡದೆ. "ಚಡ್ಡಿ ನಾಕ್ ವರ್ಷ ಬರ್ತೈತಿ. ಉಳಿದ ತುಂಡಿನಾಗ ನಿಮ್ಮ ಚಂಡಿಗೆ ಒಂದ್ ಚೀಲ ಹೊಲೀತೀನಿ."